ಮೊಹರಿನ ತಾರೀಖು

ಮಂಡ್ಯದ ದೊಡ್ಡ ಅಂಚೆ ಕಚೇರಿಯಲ್ಲಿ
ಬೆಳಿಗ್ಗೆ ಮೊಹರಿನ ತಾರೀಖು ತಿರುಗಿಸುವುದು
ಜವರಾಜಣ್ಣನ ಕೆಲಸ. ಯಾರೂ ವಹಿಸಿದ್ದಲ್ಲ.

‘ಸಣ್ಣಮ್ಮನಿಗೆ, ಹುಣಸೇಮರದ ಪಕ್ಕ, ಕೆರಗೋಡು’ –
ವಿಳಾಸ ಇಷ್ಟೇ ಇದ್ದರೂ ಸಾಕು.
‘ಯಾವ ಸಣ್ಣಮ್ಮ? ಕುಂಟೆಮ್ಮೆ ಸಣ್ಣಮ್ಮನಾ,
ಮಗಳನ್ನ ಮದ್ದೂರಿಗೆ ಕೊಟ್ಟೋಳಾ?’
ಕಾಗದ ಮೂಸಿ ಹೇಳಿಬಿಡೋನು.

ಶುಕ್ರವಾರ,
‘ಇರ್ಲಾ ಬಂದೆ, ಟೀ ಮುಚ್ಚಿಡು’ ಅಂದವನು
ಸೈಕಲ್ ಸ್ಟ್ಯಾಂಡಿನವರೆಗೂ ಹೋಗಿರಲಿಲ್ಲ, ಕುಸಿದ.
ತಟ್ಟೆಯ ಕೆಳಗೆ ಟೀ ಕೆನೆಗಟ್ಟಿತು.
ಸಂಜೆಯಾದರೂ ಯಾರೂ ಚೆಲ್ಲಲಿಲ್ಲ.

ಶನಿವಾರ ಮಧ್ಯಾಹ್ನದ ತನಕ
ಹೊಡೆದ ಕಾಗದಕ್ಕೆಲ್ಲ ಶುಕ್ರವಾರದ್ದೇ ತಾರೀಖು.
ಪೋಸ್ಟ್‌ಮಾಸ್ಟರು ಕಂಡರು, ಬೈಯಲಿಲ್ಲ.

ಇವತ್ತು ನಾನೇ ತಿರುಗಿಸಿದೆ. ಬೆರಳೆಲ್ಲ ಮಸಿ.
ಮೇಜಿನ ಮೇಲೊಂದು ಕಾಗದ:
ಸಣ್ಣಮ್ಮನಿಗೆ, ಕೆರಗೋಡು.

ಮೂಸಿದೆ.
ಗೋಂದಿನ ವಾಸನೆ, ಅಷ್ಟೇ.