ಬಡ ೧, ಬಡ ೨

ಮಂಡಿ ಮೊಹಲ್ಲಾದ ಗುಂಡಿ ಅಂಗಡಿಗೆ ಬೋರ್ಡು.
ತಗಡು ಎರಡೇ ಮೊಳ, ಪದ ಮೂರು.
ಸೀಮೆಸುಣ್ಣದಲ್ಲಿ ಅಳೆದು ಅಳೆದು
ವಾಜಿದ್ ಪೇಂಟರು ಒಂದು ದೀರ್ಘ ನುಂಗಿದರು:
ಬಡ ಬಟನ್ ಸ್ಟೋರ್ಸ್.

ಬಡಾ ಅಂದರೆ ದೊಡ್ಡದು, ಅವರ ಮನೆಮಾತಲ್ಲಿ.
ಬಡ ಅಂದರೆ ಏನಂತ ಬೀದಿಗೆಲ್ಲ ಗೊತ್ತು.
ಒಂದು ವಾರ ನಕ್ಕರು. ಆಮೇಲೆ,
ಬಡವರಂಗಡಿ, ರೇಟು ಕಡಿಮೆ ಇದ್ದೀತು ಅಂತ
ಇಲವಾಲದಿಂದೆಲ್ಲ ಟೈಲರುಗಳು ಬಂದರು.
ಹುಕ್ಕು ಎಣಿಸಿ ಎಣಿಸಿ
ಮೆಹತಾಬ್‌ಬಿಯ ಬೆರಳಿಗೆ ತುಕ್ಕಿನ ವಾಸನೆ.

ನನ್ನ ಕಸುಬು ಚೀಟಿ ಬರೆಯುವುದು.
ಇಪ್ಪತ್ತೆರಡು ವರ್ಷ, ನಿಘಂಟಿನ ಕೋಣೆಯಲ್ಲಿ,
ಪದಕ್ಕೊಂದು ಚೀಟಿ, ಚೀಟಿಗೊಂದು ಖಾನೆ.
ಬಡ ನನ್ನ ಪಾಲಿಗೆ ಬಂದಾಗ
ಸುಲಭ ಅಂದುಕೊಂಡೆ, ಊಟದೊಳಗೆ ಮುಗಿದೀತು.

ಮುಗಿಯಲಿಲ್ಲ.
ಹಳೆಗನ್ನಡದಲ್ಲಿ ಬಡ ಅಂದರೆ ತೆಳ್ಳಗಿದ್ದದ್ದು.
ಹೆಣ್ಣಿನ ಸೊಂಟ ಬಡನಡು; ಅದು ಹೊಗಳಿಕೆ.
ಆ ಸೊಂಟ ಯಾವ ಕಾಲದಲ್ಲಿ ಹಸಿವಾಯಿತೋ,
ಯಾರ ಕಣಜದ ಬಾಗಿಲು ಮುಚ್ಚಿದಾಗ,
ಬರೆಯಲು ಚೀಟಿಯಲ್ಲಿ ಜಾಗವಿಲ್ಲ.

ಇನ್ನೊಂದು ಉತ್ತರದಿಂದ ಬಂದದ್ದು.
ಪ್ರಾಕೃತದ ವಡ್ಡ; ಅದರ ಹಿಂದೆ
ಸಂಸ್ಕೃತದ ವೃದ್ಧ ಇದ್ದಾನೋ ಇಲ್ಲವೋ
ಪಂಡಿತರು ಇನ್ನೂ ಜಗಳವಾಡುತ್ತಾರೆ.
ದಂಡಿನ ಜೊತೆ, ಕುದುರೆ ಮಾರುವವರ ಜೊತೆ
ನಡೆದು ಬಂದು ಇಲ್ಲಿ ಬಿಡಾರ ಹೂಡಿತು.
ಬೇರು ಬೇರೆ. ರಕ್ತಸಂಬಂಧವಿಲ್ಲ.
ಒಂದರ ನೆತ್ತಿಗೆ ಸಣ್ಣ ೧, ಇನ್ನೊಂದಕ್ಕೆ ೨;
ನಡುಗೋಡೆ ಒಂದೇ, ಒಲೆ ಎರಡು.

ಬೋರ್ಡಿನ ಕೆಳಗೆ ನಿಂತು ಇದನ್ನೆಲ್ಲ ಹೇಳಿದೆ.
ವಾಜಿದ್ ಪೇಂಟರು ಬೀಡಿ ಕಿವಿಗೆ ಸಿಕ್ಕಿಸಿ ಕೇಳಿದರು.
ಎಂಬತ್ತು ದಾಟಿದ ಜೀವ, ಬ್ರಷ್ಷಿನ ಹಿಡಿಯಷ್ಟು ದಪ್ಪ;
ಬೀದಿಯ ಹುಡುಗರಿಗೆ ಬಡೇ ಮಿಯಾ,
ನಮ್ಮವ್ವನ ಬಾಯಲ್ಲಿ ‘ಆ ಬಡಕಲು ಪೇಂಟರಪ್ಪ’.
‘ಹಂಗಾದ್ರೆ ಎರಡೂ ನಾನೇ ಆದೆ ಅನ್ನಿ.’

ಬೇಕಾದರೆ ಈಗಲೇ ದೀರ್ಘ ಎಳೀತೀನಿ ಅಂತ
ಏಣಿ ಹತ್ತಿ, ಕುಂಚ ತಾಗಿಸಿದ್ದರಷ್ಟೆ,
ಒಳಗಿಂದ ಮೆಹತಾಬ್‌ಬಿ ಕೂಗಿದಳು:
‘ವ್ಯಾಪಾರ ಆಗ್ತಾ ಐತೆ, ಸುಮ್ನೆ ಇಳೀರಿ!’

ಡ ಪಕ್ಕದಲ್ಲಿ ಕೆಂಪು ಚುಕ್ಕೆಯೊಂದು ಉಳಿದಿದೆ.
ದೀರ್ಘದ ಶುರುವೋ, ಬಣ್ಣ ಸೋರಿದ್ದೋ.
ಮೂರನೆಯ ಚೀಟಿ ತೆಗೆದಿಟ್ಟಿದ್ದೇನೆ,
ಏನೂ ಬರೆದಿಲ್ಲ.