ಹಾಸುಹೊಕ್ಕು

ಶೇಟೆ ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಬರೆದರು,
ಮರಾಠಿಯಲ್ಲಿ ಹೇಳಿದರು: ಬುರಶಿ.
ನಾನದನ್ನು ಕನ್ನಡಕ್ಕೆ ತಂದು
ಮಹಾನಂದಾಬಾಯಿಯ ಮುಂದಿಟ್ಟೆ: ಬೂಸರು.
ಆಕೆ ನಕ್ಕೇಬಿಟ್ಟಳು.
"ಬೂಸರೇನ್ರಿ ಸಿಸ್ಟರ್? ಕಡಕ್ ರೊಟ್ಟಿ ಮ್ಯಾಲಿಂದು
ಒರಸಿ ತಿಂದು ಬೆಳದವರು ನಾವು."

ನಗು ನಿಂತದ್ದು
ಗಂಡನ ಅಂಗುಳ ತೋರಿಸಿದಾಗ.
ಟಾರ್ಚಿನ ಬೆಳಕಿನಲ್ಲಿ, ಹಲ್ಲುಸಾಲಿನ ಹಿಂದೆ,
ಬೀಡಿ ಸುಟ್ಟ ಗುರುತಿನಷ್ಟು ಕಪ್ಪು.

ಧಾನಪ್ಪ, ಸೊಲ್ಲಾಪುರದ ಅಕ್ಕಲಕೋಟ ರೋಡಿನಲ್ಲಿ
ಇಪ್ಪತ್ತೆರಡು ವರ್ಷ ಚಾದರ ನೇಯ್ದವ.
ಸಕ್ಕರೆ ನಾನೂರಾ ಹತ್ತು.
ಮಗ್ಗದ ಸದ್ದಿಗೆ ಕಿವಿ ಮೊದಲೇ ಮಂದ,
ಈಗ ಎಡಗಣ್ಣೂ.

ಲ್ಯಾಬಿನ ಹುಡುಗಿ ಕರೆದಳು, ಬಗ್ಗಿ ನೋಡಿದೆ.
ಗಾಜಿನ ಮೇಲೆ ಅವನದೇ ಮಾಂಸದ ಚೂರು,
ಅದರೊಳಗೆ ಲಾಡಿಯಂಥ ಅಗಲ ಎಳೆಗಳು
ಲಂಬಕ್ಕೆ ಕವಲೊಡೆದು, ಮತ್ತೆ ಕವಲೊಡೆದು.
ಹಾಸಿಲ್ಲ, ಹೊಕ್ಕಿಲ್ಲ, ಲಾಳಿ ಇಲ್ಲ,
ನೇಯ್ಗೆ ಮಾತ್ರ ನಡೆದೇ ಇತ್ತು.
ಅವನಿಗೆ ಇದನ್ನು ಹೇಳಲಿಲ್ಲ.

ಮೇಲ್ದವಡೆ ಅರ್ಧ ತೆಗೆದರು.
ಆಮೇಲೆ ನನ್ನ ಪಾಳಿ.

ಆಂಫೊಟೆರಿಸಿನ್. ಹಳದಿ ಪುಡಿ.
ಉಪ್ಪುನೀರು ತಾಗಿದರೆ ಒಡೆದ ಹಾಲು,
ಸಕ್ಕರೆನೀರಿನಲ್ಲೇ ಕರಗಬೇಕು;
ಸಕ್ಕರೆಯಿಂದಲೇ ಮಂಚ ಹಿಡಿದವನಿಗೆ, ನೋಡಿ, ಸಕ್ಕರೆನೀರು.
ಬೆಳಕು ಬೀಳಬಾರದು. ಎಕ್ಸ್‌ರೇ ಡಬ್ಬಿಯ
ಕಪ್ಪು ಹಾಳೆ ಸುತ್ತಿ ತೂಗುಹಾಕಿದೆ.
ನಿಮಿಷಕ್ಕೆ ಇಷ್ಟೇ ಹನಿ.
ಮೂತ್ರ ಅಳೆ, ಪೊಟ್ಯಾಸಿಯಂ ನೋಡು,
ಎಳೆ ಹರಿಯದ ಹಾಗೆ ಗಂಟು ಬಿಡಿಸು:
ಬೂಸರು ಸಾಯಬೇಕು, ಕಿಡ್ನಿ ಬದುಕಬೇಕು.

ಮುಕ್ಕಾಲು ತಾಸಿಗೆ ನಡುಕ ಶುರು.
ಮಂಚ ಗಡಗಡ, ಸಲೈನ್ ಸ್ಟ್ಯಾಂಡ್ ಗಡಗಡ.
ಮೇ ತಿಂಗಳು. ಹೊರಗೆ ನಲವತ್ತಮೂರು ಡಿಗ್ರಿ.
ಉಳಿದರ್ಧ ಬಾಯಿಂದ ಧಾನಪ್ಪ ಕೇಳಿದ್ದು
ಮೊದಲ ಸಲಕ್ಕೆ ತಿಳಿಯಲಿಲ್ಲ.
ಚಾದರ.
ಸ್ಟೋರಿನದು ಹೊದಿಸಿದೆ. ಇನ್ನೊಂದು. ಮತ್ತೂ ಒಂದು.
ಮೂರನೆಯದರ ಅಂಚನ್ನು ಬೆರಳಲ್ಲಿ ತಿಕ್ಕಿ
ಇದ್ದೊಂದು ಕಣ್ಣು ತೆರೆದ.
"ಇದು ನಮ್ಮ ಕಾರಖಾನಿದಲ್ಲ," ಅಂದ.
"ಹೊಕ್ಕು ಸಡ್ಲ ಐತಿ."

ಈ ಮದ್ದೂ ಮಣ್ಣಿನದೇ, ಅಂದಿದ್ದರು ಡಾಕ್ಟರಮ್ಮ,
ಯಾವುದೋ ದೂರದ ನದಿಯ ದಂಡೆಯದು.
ಬೂಸರೂ ಮಣ್ಣಿನದೇ. ನಡುವೆ ಈ ಮನುಷ್ಯ,
ಗಂಟಲವರೆಗೆ ಮೂರು ಚಾದರ.

ಮಹಾನಂದಾಬಾಯಿ ಡೋಸಿಗೊಂದು ಬೀಡಿ ಎಲೆ
ದಿಂಬಿನ ಕೆಳಗಿಡುತ್ತಾಳೆ. ಇಪ್ಪತ್ತೈದಕ್ಕೆ ಕಟ್ಟು.
ಹನ್ನೊಂದಾಗಿವೆ.
ಇವತ್ತು ಕ್ರಿಯಾಟಿನಿನ್ ಏರಿದೆ, ಬಾಟಲಿ ಏರಿಸಿಲ್ಲ.
ಎಲೆ ಹಿಡಿದುಕೊಂಡೇ ಕೇಳುತ್ತಾಳೆ,
"ಇವತ್ತಿಂದು ಇಡ್ಲ್ಯೋ, ಬ್ಯಾಡೋ?"

ನಾನು ಮೂತ್ರದ ಚೀಲ ಬೆಳಕಿಗೆತ್ತಿ
ಗೆರೆ ಎಣಿಸುತ್ತಿದ್ದೇನೆ.