ಮಸಿ

ಕಡಲು ಇಲ್ಲಿಂದ ಎಷ್ಟು ದೂರ
ಎಂದು ಕೇಳುತ್ತದೆ ಇಲಾಖೆಯ ನಮೂನೆ, ಐದನೇ ಕಲಂ.
ಕರಾವಳಿಯ ದೀಪಸ್ತಂಭಗಳಿಗೆಂದು ಅಚ್ಚಾದ ಹಾಳೆ,
ರಾಯಚೂರಿಗೂ ಅದನ್ನೇ ಕಳಿಸಿದ್ದಾರೆ.
'ಅನ್ವಯಿಸುವುದಿಲ್ಲ' ಎಂದು ಬರೆದು
ಮುಂದಕ್ಕೆ ಹೋದೆ.

ಅಂಬಿಗರಹಾಳದ ಹುಡೇವು.
ಎತ್ತರ ಮೂವತ್ತೊಂದು ಅಡಿ, ಬುಡದ ಸುತ್ತು ನಲವತ್ತನಾಲ್ಕು,
ನೆತ್ತಿಯ ಮೇಲೊಂದು ಬಸರಿ ಗಿಡ,
ಹೊಟ್ಟೆಯಲ್ಲಿ ಜೇನು.
ಕೃಷ್ಣೆಯ ಕಡೆಗೆ ಮುಖ ಮಾಡಿ ಒಂದೇ ಒಂದು ಗೂಡು,
ದೀಪದ್ದು.
ನಡುಗಡ್ಡೆಯಿಂದ ಹರಗೋಲು ಹೊರಟರೆ
ಈ ಗೂಡನ್ನು ಎಡಗಣ್ಣಿಗೆ ಇಟ್ಟುಕೊಂಡೇ ಹುಟ್ಟು ಹಾಕಬೇಕಂತೆ;
ಬಲಕ್ಕೆ ಸರಿದರೆ ಬಂಡೆ,
ಬಂಡೆಯ ಮೇಲೆ ಮೊಸಳೆ.
ಹೇಳಿದವಳು ತಾಯಮ್ಮ. ಹುಟ್ಟು ಬಿಟ್ಟು ಈಗ
ಬಸ್ ಸ್ಟ್ಯಾಂಡಿನಲ್ಲಿ ಮಂಡಾಳು ಒಗ್ಗರಣಿ ಮಾರುತ್ತಾಳೆ.
ಸೇತುವೆ ಬಂದಾಗ ಅಳು ಬಂತೇ ಎಂದೆ.
'ಯಾಕ ಅಳ್ಲೆವ್ವ?
ಮೊದಲ್ನೇ ಬಸ್ಸಿನಾಗ ನಾನೇ ಕುಂತಿದ್ದೆ,
ಕಿಡಕೀ ಸೀಟು.'

ಗೌಂಡಿ ಮೌಲಾಲಿ ಕಾರವಾರದ ಕಡೆ
ಒಂದು ಲೈಟ್‌ಹೌಸಿಗೆ ಗಿಲಾವು ಮಾಡಿ ಬಂದವನು.
'ಅಲ್ಲಿ ಗಾಳಿನೇ ಉಪ್ಪು, ಮೇಡಂ.
ಮುಂಜಾನಿ ಹಚ್ಚಿದ್ದು ಸಂಜಿಗೆ ಪರಿ ಬಿಡ್ತದ.
ಇಲ್ಲಿ ಬಿಸಲು. ಬಿಸಲು ಮೋಸ ಮಾಡಂಗಿಲ್ಲ,
ಕೊಲ್ಲೋದಿದ್ರ ಎದುರಿಗೇ ನಿಂತು ಕೊಲ್ತದ.'
ಸಿಮೆಂಟಿನ ಚೀಲ ಕಂಡರೆ
ಅವನು ಮಗ್ಗುಲಿಗೆ ಉಗುಳುತ್ತಾನೆ.

ಹದಿನೆಂಟು ದಿನ ಕುಣಿಯಲ್ಲಿ ಸುಣ್ಣ ಅರಳಿತು.
ಅಳಲೆಕಾಯಿ ನೆನೆದ ನೀರು, ಬೆಲ್ಲ, ಹೊಳೆಯ ಉಸುಕು.
ಗಾಣದ ಕಲ್ಲು ಎಳೆಯಲು ಎತ್ತು ಸಿಗದೆ
ಟ್ರ್ಯಾಕ್ಟರ್ ಕಟ್ಟಿದೆವು.
ಬೆಲ್ಲಕ್ಕೆ ಇರುವೆ ಬಂದವು,
ಶಾಲೆ ಬಿಟ್ಟ ಹುಡುಗರೂ.
ಲೆಕ್ಕದಲ್ಲಿ ನಲವತ್ತು ಕೆಜಿ, ಗಾರೆಗೆ ಬಿದ್ದದ್ದು ಮೂವತ್ತಾರು.
ವ್ಯತ್ಯಾಸಕ್ಕೆ ಕಾರಣ: ಆವಿ,
ಎಂದು ಬರೆದೆ.

ಆಮೇಲೆ ಗೂಡಿನ ಸರದಿ.
ಒಳಗೆ, ಕಮಾನಿನ ಅಂಗುಳಕ್ಕೆ ಮಸಿ,
ಬೆರಳು ದಪ್ಪ, ಕರಿಗಲ್ಲಿನ ಹಾಗೆ ಹೊಳೆಯುವುದು.
ನಮೂನೆ ಹೇಳುತ್ತದೆ:
ಕಲೆ, ಕೊಳೆ, ಹೊಗೆಯ ಗುರುತು ಸಂಪೂರ್ಣ ತೆಗೆದು
ಎರಡು ಕೈ ಬಿಳಿ ಬಳಿಯತಕ್ಕದ್ದು.
ಮೌಲಾಲಿ ಕರಣೆ ಕೆಳಗಿಟ್ಟ.
'ಗೋಡಿ ಬಿದ್ರ ನಾ ಕಟ್ತೀನಿ.
ಈ ಮಸಿ ಕಟ್ಟಾಕ ಎಷ್ಟ್ ರಾತ್ರಿ ಬೇಕು,
ನೀವೇ ಎಸ್ಟಿಮೇಟ್ ಹಾಕ್ರಿ.'

ಹಾಕಿದೆ. ನಿಜಕ್ಕೂ ಕೂತು ಹಾಕಿದೆ,
ರಾತ್ರಿಗೆ ಪಾವು ಹೊಂಗೆ ಎಣ್ಣೆಯಂತೆ,
ವರ್ಷಕ್ಕೆ, ತಲೆಮಾರಿಗೆ,
ಕೂಲಿ ಒಂದು ಆಳಿನದು, ಎಚ್ಚರದ್ದು.
ಹಾಳೆ ಸಾಲಲಿಲ್ಲ.

ಹೊಗೆಗಿಂಡಿ ತೆರೆದಿದೆಯೋ ಇಲ್ಲವೋ
ಪರೀಕ್ಷಿಸಬೇಕು ಎಂಬ ನೆವ ನನ್ನದೇ.
ಅಮಾಸಿಗೆ ಎರಡು ದಿನ ಮುಂಚೆ.
ದೂರದಲ್ಲಿ ಶಕ್ತಿನಗರದ ಚಿಮಣಿಗಳ ಕೆಂಪು
ವಿಮಾನಗಳಿಗೆಂದು ಮಿಟುಕುತ್ತಿತ್ತು.
ಹೊಳೆಗೆ ಯಾರ ದೀಪವೂ ಇರಲಿಲ್ಲ.
ತಾಯಮ್ಮ ಸೀರೆಯಂಚು ಹರಿದು ಬತ್ತಿ ಹೊಸೆದಳು,
ಒಗ್ಗರಣೆಯ ಎಣ್ಣೆಯನ್ನೇ ಸುರಿದಳು.
ಹಚ್ಚಿದೆವು.

ತುಸು ಹೊತ್ತು ಏನೂ ಇಲ್ಲ.
ಸೊಳ್ಳೆ. ಮೌಲಾಲಿಯ ಕೆಮ್ಮು.
ಆಮೇಲೆ ನಡುಹೊಳೆಯ ಕತ್ತಲಿನಿಂದ,
ಕಾಣದ ಹರಗೋಲಿನಿಂದ, ಒಂದು ದನಿ:
'ಯಾವನಲೇ ಅಂವ ದೀಪ ಹಚ್ಚಿದಾಂವ!
ಬಲಿ ಬಿಟ್ಟೀನಿ, ಮೀನಕ್ಕ ಕಾಣಾಕ ಹತ್ತೇತಿ,
ಆರ್ಸಲೇ!'
ಮುಂದಿನದು ನಮ್ಮ ಮುತ್ತಜ್ಜಿಯರ ತನಕ ಹೋಯಿತು.

ಮೌಲಾಲಿ ಮೆಟ್ಟಿಲ ಮೇಲೆ ಕುಸಿದು ನಕ್ಕ.
ತಾಯಮ್ಮ ನಗಲಿಲ್ಲ. ಕಿವಿಗೆ ಕೈಯೊಡ್ಡಿ
ಆ ಬೈಗುಳವನ್ನು ಅಳೆದಳು,
ನಾನು ಟೇಪು ಹಿಡಿದು ಅಳೆದಂತಲ್ಲ.
'ಬಂಡಿ ಅತ್ಲಾಗ ಅದಾನ.
ಎಡಕ್ಕೇ. ಸರಿ ಅದ ಬಿಡು.'
ಎಂದು ತಾನೇ ಊದಿ ಆರಿಸಿದಳು.

ಮರುದಿನ ಅಳತೆ ಪುಸ್ತಕ ತೆರೆದು
ಗೂಡಿನ ಬಾಬತ್ತಿನ ಎದುರು ಬರೆದೆ:
ಮಸಿ ಇದೆ. ತೆಗೆದಿಲ್ಲ.
ಸಹಿ ಮಾಡಿ ನೋಡಿದರೆ ಪಕ್ಕದಲ್ಲೇ
ನನ್ನ ಹೆಬ್ಬೆರಳಿನ ಕಪ್ಪು ಗುರುತು ಬಿದ್ದಿತ್ತು.
ಒರೆಸಲು ಹೋದೆ,
ಹರಡಿತು.